ಜಪಾನಿನ ಪ್ರೇಮಕತೆಯ ಮೊದಲನೇ ಭಾಗ

ಕಾದಂಬರಿ ಕೈಗೆ ಬಂದರೆ ನಾನು ಮೊದಲು ನೋಡುವುದು ಕೊನೆಯ ಪುಟವನ್ನು. ನಾಯಕ ನಾಯಕಿಯರಿಗೆ ಮದುವೆಯಾಗುತ್ತದೆ ಎಂದು ಖಾತ್ರಿಯಾದ ಮೇಲೆ ನಿಶ್ಚಿಂತೆಯಿಂದ ಆರಂಭಕ್ಕೆ ಬರುತ್ತೇನೆ. ಇದು ಬರೆದವರಿಗೆ ಮಾಡುವ ಅವಮಾನವೆಂದು ಬಲ್ಲವರು ಹೇಳುತ್ತಾರೆ. ಇರಬಹುದು. ಆದರೆ ಮದುವೆಯ ಊಟಕ್ಕೆ ಕೂತವರು ಪಾಯಸವಿದೆಯೇ ಎಂದು ಅಡುಗೆಮನೆಯ ಕಡೆ ಒಮ್ಮೆ ಕಣ್ಣು ಹಾಯಿಸುವುದಿಲ್ಲವೇ, ಹಾಗೆ. ಈ ಅಭ್ಯಾಸ ನನಗೆ ಕೈಕೊಟ್ಟಿದ್ದು ಒಂದೇ ಒಂದು ಸಲ. ಆ ಪುಸ್ತಕ ಜಪಾನಿನದು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಶಿಡ್ಲಘಟ್ಟದ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಅದೇ ಶಾಲೆಯಲ್ಲಿ ಉರ್ದು ಕಲಿಸುತ್ತಿದ್ದ ಮೆಹರುನ್ನೀಸಾ ನನ್ನ ಗೆಳತಿ. ನಮ್ಮ ಊಟದ ಡಬ್ಬಿಗಳು ಒಟ್ಟಿಗೇ ತೆರೆಯುತ್ತಿದ್ದವು, ಬಾಯಿಗಳೂ ಹಾಗೆಯೇ. ನಮ್ಮ ಕಡೆಗೆ ಜಪಾನಿನಿಂದ ರೇಷ್ಮೆ ತಜ್ಞರು ಬಂದು ಹೋಗುತ್ತಿದ್ದ ಕಾಲ ಅದು. ಅವರ ಜೊತೆ ಹಳ್ಳಿ ಸುತ್ತಿ, ಅವರ ಇಂಗ್ಲಿಷನ್ನು ರೈತರಿಗೆ ಕನ್ನಡದಲ್ಲಿ, ರೈತರ ತೆಲುಗನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದವರು ಗೌರಿಬಿದನೂರು ಕಡೆಯ ವೆಂಕಟೇಶ್. ಊರವರ ಮಾತನ್ನೆಲ್ಲ ಮೂರು ಭಾಷೆಯಲ್ಲಿ ಸಾಗಿಸುತ್ತಿದ್ದ ಈ ಮನುಷ್ಯನಿಗೆ ಸ್ವಂತ ಮಾತು ಮಾತ್ರ ಒಂದರಲ್ಲೂ ಬರುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ನಾನು ಚಿಂತಾಮಣಿಗೆ, ಅಪ್ಪ ಅಮ್ಮನ ಮನೆಗೆ ಹೊರಡುತ್ತಿದ್ದೆ. ವೆಂಕಟೇಶ್ ಬಸ್ ಸ್ಟ್ಯಾಂಡಿಗೆ ಬಂದು ನಿಲ್ಲುತ್ತಿದ್ದರು. ಅವರಿಗೆ ಎಲ್ಲಿಗೂ ಹೋಗುವುದಿರುತ್ತಿರಲಿಲ್ಲ. "ಬಸ್ಸು ಇನ್ನೂ ಬಂದಿಲ್ಲ" ಎನ್ನುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ "ಬಸ್ಸು ಬಂತು" ಎನ್ನುತ್ತಿದ್ದರು. ನಮ್ಮ ಪ್ರಣಯ ಎರಡು ವರ್ಷ ಈ ಎರಡು ವಾಕ್ಯಗಳ ಮೇಲೆ ನಡೆಯಿತು.

ಒಂದು ಶನಿವಾರ ಅವರ ಕೈಯಲ್ಲಿ ದಪ್ಪನೆಯ ಚಿತ್ರಪುಸ್ತಕವೊಂದಿತ್ತು. ಊರಿಗೆ ಮರಳುವ ಮುಂಚೆ ತಜ್ಞರೊಬ್ಬರು ಕೊಟ್ಟಿದ್ದಂತೆ. ಬೇಸರ ಕಳೆಯಲಿ ಎಂದು ಅವರ ಮಗಳು ಪೆಟ್ಟಿಗೆಗೆ ಹಾಕಿದ್ದಳಂತೆ. "ಲವ್ ಸ್ಟೋರಿ ಅಂತೆ. ತಮಾಷೆಯಾಗಿರತ್ತಂತೆ" ಎಂದು ನೆಲ ನೋಡುತ್ತ ನನಗೆ ಕೊಟ್ಟರು. ಆ ಎರಡು ವರ್ಷದಲ್ಲಿ ಅವರ ಬಾಯಿಂದ 'ಲವ್' ಎಂಬ ಶಬ್ದ ಹೊರಟಿದ್ದು ಅದೇ ಮೊದಲು, ಅದೂ ಪುಸ್ತಕದ ಲೆಕ್ಕಕ್ಕೆ.

ಬಸ್ಸಿನಲ್ಲಿ ಕೂತು ತೆರೆದೆ. ರೂಢಿಯಂತೆ ಮೊದಲು ನೋಡಿದ ಕೊನೆಯ ಪುಟದಲ್ಲಿ ಹುಡುಗನೊಬ್ಬ ಓಡುತ್ತಿದ್ದ, ಅದರಿಂದ ಏನೂ ಖಾತ್ರಿಯಾಗಲಿಲ್ಲ. ಅಕ್ಷರ ಒಂದೂ ತಿಳಿಯದಿದ್ದರೂ ಚಿತ್ರಗಳೇ ಕತೆ ಹೇಳುತ್ತಿದ್ದವು. ಮೊದಲಿಗೆ ಒಂದೇ ಕೊಡೆಯ ಕೆಳಗೆ ಹುಡುಗ, ಹುಡುಗಿ. ಪುಟ ಮಗುಚಿದಂತೆ ಅವರು ದೂರವಾದರು, ಜಗಳವಾಡಿದರು, ಒಬ್ಬರ ಹೆಸರನ್ನೊಬ್ಬರು ಮರೆತವರಂತಾದರು. ಕಡೆಗೆ ಹುಡುಗನೊಬ್ಬನೇ ಬಾಯಲ್ಲಿ ಬ್ರೆಡ್ಡು ಕಚ್ಚಿಕೊಂಡು ಬೀದಿಯಲ್ಲಿ ಓಡುತ್ತಿದ್ದ. ಎಂಥ ದುರಂತ. ಕೈವಾರದ ಹತ್ತಿರ ಬರುವಾಗ ನನ್ನ ಕಣ್ಣು ಒದ್ದೆಯಾಗಿತ್ತು. ಪಕ್ಕದ ಸೀಟಿನ ಅಜ್ಜಿ "ಏಮಯಿಂದಮ್ಮ?" ಎಂದು ತೆಲುಗಿನಲ್ಲಿ ಕೇಳಿದರು, ಏನಾಯಿತಮ್ಮ ಅಂತ. ಧೂಳು ಎಂದೆ.

ಸೋಮವಾರ ಅದನ್ನು ಮೆಹರುನ್ನೀಸಾಗೆ ತೋರಿಸಿದೆ. ಅವಳು ಕೈಗೆ ತೆಗೆದುಕೊಂಡವಳೇ ಬಲಗಡೆಯಿಂದ ತೆರೆದಳು.

"ನಮ್ ಉರ್ದು ಪುಸ್ತಕದ ಥರಾನೇ ಕಣೇ ಇದು. ನೀನು ಬಾಲದಿಂದ ಓದಿದೀಯ."

ಆರಂಭದಿಂದ ನೋಡಿದೆವು. ಹುಡುಗ ಶಾಲೆಗೆ ತಡವಾಗಿ ಓಡುತ್ತಾನೆ, ಹುಡುಗಿಗೆ ಡಿಕ್ಕಿ ಹೊಡೆಯುತ್ತಾನೆ, ಬೈಸಿಕೊಳ್ಳುತ್ತಾನೆ. ಅವಳು ಅವನ ತರಗತಿಗೇ ಸೇರುತ್ತಾಳೆ. ಆಮೇಲೆ ಇಡೀ ಪುಸ್ತಕ ಅವನು ಬೆವರುತ್ತಾನೆ, ಮೆಟ್ಟಿಲಲ್ಲಿ ಮುಗ್ಗರಿಸುತ್ತಾನೆ, ಕಂಬದ ಹಿಂದೆ ಅವಿತುಕೊಳ್ಳುತ್ತಾನೆ. ಅಂತೂ ಕಡೆಯ ಪುಟದಲ್ಲಿ ಕೊಡೆಯ ಕೆಳಗೆ ಅವಳ ಕಡೆ ತಿರುಗಿ ಬಾಯಿ ತೆರೆಯುತ್ತಾನೆ. ಅವನ ಮಾತಿಗೆಂದು ಬಿಟ್ಟ ಗುಳ್ಳೆಯಲ್ಲಿ ಮೂರು ಚುಕ್ಕೆ. ಆ ಪುಸ್ತಕದಲ್ಲಿ ನಮಗೆ ಓದಲು ಬಂದದ್ದು ಅದಿಷ್ಟೇ.

ನನಗೆ ಬಹಳ ನಿರಾಸೆಯಾಯಿತು. ಒಳ್ಳೆಯ ದುರಂತ ಕೈತಪ್ಪಿ, ಬೆವರುವ ಹುಡುಗನೊಬ್ಬ ಉಳಿದ. ಮೆಹರುನ್ನೀಸಾ ಚಿತ್ರವನ್ನೇ ನೋಡುತ್ತ, "ಇವನ್ನ ಎಲ್ಲೋ ನೋಡಿದೀನಿ ಅನ್ಸತ್ತೆ" ಎಂದಳು. ನಾನು ಮಾತು ಬದಲಿಸಿದೆ.

ಮುಂದಿನ ಶನಿವಾರದ ಹೊತ್ತಿಗೆ ನನ್ನ ಮನಸ್ಸು ಸರಿಯಿರಲಿಲ್ಲ. ಚಿಕ್ಕಬಳ್ಳಾಪುರದ ಒಂದು ಸಂಬಂಧ ಬಂದಿದೆ, ನಾಳೆ ಮನೆಗೆ ಬರುತ್ತಾರೆ ಎಂದು ಅಪ್ಪ ಹೇಳಿಕಳಿಸಿದ್ದರು. ಹುಡುಗ ಒಳ್ಳೆಯವನಂತೆ. ವೆಂಕಟೇಶ್ ನಮ್ಮ ಜನವಲ್ಲ. ಅಪ್ಪ ಒಮ್ಮೆ ಮಾತು ಕೊಟ್ಟರೆ ಅಲ್ಲಿಗೆ ಮುಗಿಯಿತು. ಇದನ್ನು ಹೇಳುವುದು ಹೇಗೆಂದು ತಿಳಿಯದೆ, "ಆ ಕತೆಯ ಎರಡನೇ ಭಾಗ ಇಲ್ವಾ?" ಎಂದು ಕೇಳಿದೆ.

"ಅವರು ಒಂದೇ ತಂದಿದ್ರು."

"ಹುಡುಗ ಆಮೇಲೆ ಹೇಳ್ತಾನಾ?"

"ಅವರು ಕೊಡೋವಾಗ ನಾನೂ ಕೇಳ್ದೆ. ಅವರ ಮಗಳ ಹತ್ರ ಹದಿನೆಂಟು ಭಾಗ ಇದೆಯಂತೆ. ಇನ್ನೂ ಹೇಳಿಲ್ವಂತೆ."

ಹದಿನೆಂಟು ಭಾಗ. ಪ್ರೇಮಕತೆ ಬರೆಯುವವರಿಗೆ ಯಾವ ಅವಸರವೂ ಇರುವುದಿಲ್ಲ, ಏಕೆಂದರೆ ಅವರ ನಾಯಕಿಯನ್ನು ನೋಡಲು ನಾಳೆ ಚಿಕ್ಕಬಳ್ಳಾಪುರದಿಂದ ಯಾರೂ ಬರುವುದಿಲ್ಲ. ನನಗೆ ಎಲ್ಲಿಂದ ಧೈರ್ಯ ಬಂತೋ, ಎಲ್ಲವನ್ನೂ ಹೇಳಿಬಿಟ್ಟೆ.

"ನಿಮಗೇನಾದ್ರೂ ಮನಸ್ಸಿದ್ರೆ ನಮ್ಮಪ್ಪನ ಹತ್ರ ಬಂದು ಮಾತಾಡಿ. ಇಲ್ಲಾಂದ್ರೆ ಇಲ್ಲ ಅಂತಾದ್ರೂ ಹೇಳಿ."

ಅವರು ರಸ್ತೆಯ ಕಡೆ ನೋಡಿದರು. ಗಂಟಲು ಸರಿಮಾಡಿಕೊಂಡರು. "ಬಸ್ಸು ಬಂತು" ಎಂದರು.

ನಾನು ಹತ್ತಿ ಕಿಟಕಿಯ ಪಕ್ಕ ಕೂತೆ. ಹಿಂತಿರುಗಿ ನೋಡಬಾರದೆಂದು ಗಟ್ಟಿಯಾಗಿ ಮುಂದೆಯೇ ನೋಡುತ್ತಿದ್ದೆ. ಬಸ್ಸು ಹೊರಟಿತು. ಕಂಡಕ್ಟರ್ ಬಂದಾಗ ಹಿಂದಿನ ಸೀಟಿನಿಂದ "ಎರಡು ಚಿಂತಾಮಣಿ" ಎಂಬ ದನಿ ಕೇಳಿತು.

ನಮ್ಮ ಮನೆಯಲ್ಲಿ ಅವರು ಕುರ್ಚಿಯ ತುದಿಯಲ್ಲಿ ಕೂತರು. ಅಪ್ಪ ಊರು, ಮನೆತನ, ಕೆಲಸ ಎಲ್ಲವನ್ನೂ ವಿಚಾರಿಸಿದರು. ಮುಖ ಬಿಗಿದೇ ಇತ್ತು. ಅಮ್ಮ ಕಾಫಿ ತಂದಿಟ್ಟು ಅಲ್ಲೇ ಬಾಗಿಲಿಗೆ ಒರಗಿ ನಿಂತರು. ಕಡೆಗೆ ಅಪ್ಪ ಕೇಳಿದರು:

"ಅಲ್ಲಪ್ಪ, ಊರಲ್ಲಿ ಇಷ್ಟು ಜನ ಇದ್ದಾರೆ. ನಮ್ಮ ಹುಡುಗೀನೇ ಯಾಕೆ?"

ನಾನು ಬಾಗಿಲ ಹಿಂದೆ ಕಿವಿಗೊಟ್ಟು ನಿಂತಿದ್ದೆ. ಗುಣ, ವಿದ್ಯೆ, ಅದೂ ಬೇಡ, ನನ್ನ ಕಣ್ಣಿನ ಬಗ್ಗೆಯಾದರೂ ಒಂದು ಮಾತು ಬರಬಹುದು ಎಂದುಕೊಂಡೆ. ವೆಂಕಟೇಶ್ ಕಾಫಿ ಲೋಟ ಕೆಳಗಿಟ್ಟರು.

"ಇವ್ರು ಕೇಳಿದ್ರು, ಸಾರ್."

ಅಪ್ಪ ಆವತ್ತು ಒಪ್ಪಲಿಲ್ಲ. ಅವರನ್ನು ಒಪ್ಪಿಸಲು ದಸರಾ ತನಕ ಹಿಡಿಯಿತು. ಆದರೆ ಆ ಉತ್ತರ ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ, ಚಿಕ್ಕಬಳ್ಳಾಪುರದವರಿಗೆ ನಾಳೆ ಬರಬೇಡಿ ಎಂದು ಅಂದೇ ಹೇಳಿಕಳಿಸಿದರು. ನನಗೆ ಮಾತ್ರ ನಿರಾಸೆಯಾಯಿತು. ಮದುವೆಯಾಗಿ ಇಷ್ಟು ವರ್ಷವಾದರೂ ಆಗಾಗ ಆಗುತ್ತಲೇ ಇರುತ್ತದೆ. ಆದರೆ ಬೇಸರ ಮಾತ್ರ ಇದುವರೆಗೆ ಆಗಿಲ್ಲ. ಎರಡೂ ಒಂದೇ ಎಂದು ಮದುವೆಗೆ ಮುಂಚೆ ನಾನು ತಿಳಿದುಕೊಂಡಿದ್ದೆ.