ಊಟ ಆತ್ರಿ?

ನಮ್ಮ ನವಲಗುಂದದ ಕಡೆ ಎದುರಿಗೆ ಯಾರೇ ಸಿಕ್ಕರೂ 'ಊಟ ಆತ್ರಿ?' ಎನ್ನುತ್ತೇವೆ. ಅವರು ಉಂಡಿರಲಿ ಬಿಡಲಿ, 'ಆತ್ರಿ' ಎಂದರೆ ಮುಗಿಯಿತು. ಎಂಬತ್ತರ ದಶಕದಲ್ಲಿ ಮಸ್ಕತ್ತಿನಲ್ಲಿ ವೆಲ್ಡರ್ ಆಗಿದ್ದಾಗಲೂ ನನಗೆ ಈ ಚಟ ಬಿಡಲಿಲ್ಲ. ಹರಕುಮುರುಕು ಅರಬ್ಬಿಯಲ್ಲಿ ಅದನ್ನೇ ಕೇಳುತ್ತಿದ್ದೆ. ಕೇಳಿದಾಗಲೆಲ್ಲ ಯಾರಾದರೂ ಏನಾದರೂ ತಿನ್ನಿಸಿಯೇ ಕಳಿಸುತ್ತಿದ್ದರು.

ಕೆಲಸ ಮುಗಿದು ಊರಿಗೆ ಹೊರಡುವ ವಾರ, ಅಲ್ಲಿನ ಗೆಳೆಯರಿಗೆ ಹೇಳಿಬರಲು ಒಬ್ಬೊಬ್ಬರ ಕೋಣೆಗೂ ಹೋದೆ. ಬಾಗಿಲಲ್ಲೇ ಬಾಯಿಂದ ಅದೇ ಮಾತು. ಸುಡಾನಿನ ಡ್ರೈವರ್ ಖರ್ಜೂರ ಸುರಿದ. ಈಜಿಪ್ತಿನ ಮೇಸ್ತ್ರಿ ತಾನು ಉಣ್ಣುತ್ತಿದ್ದ ತಾಟನ್ನೇ ನನ್ನ ಮುಂದೆ ದೂಡಿದ. ಬೇಡವೆಂದರೆ, ಪಾಪ ಸಂಕೋಚ ಎಂದು ಇನ್ನಷ್ಟು ಹಾಕಿದರು. ನನ್ನ ಪ್ಯಾಂಟಿನ ಗುಂಡಿಯೇ ಹಾರಿತು. ವಿಮಾನ ನಿಲ್ದಾಣದಲ್ಲಿ ಡ್ರೈವರ್ ತಬ್ಬಿಕೊಂಡು, 'ಊರಲ್ಲಾದರೂ ನಿನಗೆ ಹೊಟ್ಟೆತುಂಬ ಸಿಗಲಿ' ಎಂದು ಹರಸಿದ. ಇಷ್ಟು ದಿನ ನಾನು ಕೇಳಿದಾಗಲೆಲ್ಲ ಇವರು ಯಾಕೆ ಉಣಿಸುತ್ತಿದ್ದರೆಂದು ಆಗ ಹೊಳೆಯಿತು.

ನವಲಗುಂದದಲ್ಲಿ ಬಸ್ಸಿಳಿದೆ. ಬಾಜೂಮನಿ ಕಾಕಾ ಎದುರಾಗಿ, 'ಏನಲೇ, ಊಟ ಆತು?' ಎಂದರು. ಮಸ್ಕತ್ತಿನ ರುಚಿ ಹತ್ತಿತ್ತಲ್ಲ, ಮುಖ ಸಣ್ಣದು ಮಾಡಿ, 'ಇಲ್ರಿ ಕಾಕಾ' ಎಂದೆ.

'ಹಂಗಾರ ಲಗೂ ಮನಿಗೆ ಹೋಗಿ ಉಣ್ಣು' ಎಂದವರೇ ಕಾಕಾ ನಡೆದುಬಿಟ್ಟರು.