ಹುಲ್ಲಿನ ಮೇಡಂ

ಚಿನ್ಮಯಿ, ತೇಜಸ್, ನೀವಿನ್ನೂ ಚಿಕ್ಕವರಿದ್ದಾಗ ಕೊಡಿಗೇಹಳ್ಳಿಯ ನಮ್ಮ ಮಹಡಿಯಲ್ಲಿ ಒಬ್ಬ ವಿಜ್ಞಾನಿ ಬಾಡಿಗೆಗಿದ್ದರು. ಹುಲ್ಲಿನ ಜಾತಿಗಳನ್ನು ಗುರುತಿಸುವುದು ಅವರ ಕೆಲಸ. ಮಾತಿನ ನಡುವೆಯೇ ಚೂಡಿದಾರದ ಅಂಚಿಗೆ ಅಂಟಿದ ಬೀಜವನ್ನು ಕಿತ್ತು ಬೆಳಕಿಗೆ ಹಿಡಿಯುವರು. “ನಮ್ದು ನಿಧಾನದ ಕೆಲ್ಸ ಅಮ್ಮಾ” ಎನ್ನುವರು.

ಅವರ ನೌಕರಿ ಖಾಯಂ ಆಗಬೇಕಿದ್ದ ವರ್ಷ, ಒಂದು ಸಂಜೆ ಬಂದು ಮೆಟ್ಟಿಲ ಮೇಲೆ ಕುಸಿದು ಕುಳಿತರು.

“ಆಗ್ಲಿಲ್ಲ ಅಮ್ಮಾ. ಇದ್ದದ್ದು ಒಂದೇ ಜಾಗ. ಕ್ಯಾನ್ಸರ್ ಔಷಧಿ ಮೇಲೆ ಕೆಲ್ಸ ಮಾಡೋರಿಗೆ ಕೊಟ್ರು.”

“ಯಾಕ್ ಮೇಡಂ?”

“ನಾವು ಬರ್ದಿದ್ದನ್ನ ಬೇರೆಯವ್ರು ತಮ್ಮ ಬರಹದಲ್ಲಿ ಎಷ್ಟ್ ಸಲ ಹೆಸರಿಸಿದ್ದಾರೆ ಅಂತ ನೋಡ್ತಾರೆ. ಔಷಧಿ ಬಗ್ಗೆ ಬರೆಯೋರು ಸಾವಿರಾರು ಜನ. ಹುಲ್ಲಿನ ಬಗ್ಗೆ ಬರೆಯೋರೆಲ್ಲ ಒಂದ್ ಆಟೋದಲ್ಲಿ ಕೂರ್ತಾರೆ. ಇಬ್ರಿಗೂ ಒಂದೇ ಅಳತೆ!”

ನನಗೆ ನಗು ಬಂತು. ಅವರು ನಗಲಿಲ್ಲ.

ಮನೆ ಖಾಲಿ ಮಾಡುವ ದಿನ, ಒಣಗಿಸಿ ರಟ್ಟಿಗೆ ಅಂಟಿಸಿದ್ದ ಹುಲ್ಲನ್ನೆಲ್ಲ ನಮ್ಮ ಹಂಡೆಯ ಒಲೆಯ ಬಳಿ ತಂದಿಟ್ಟರು. “ನೀರು ಕಾಯಿಸ್ಕೊಳ್ಳಿ” ಎಂದರು.

“ಬ್ಯಾಡ ಕಣಮ್ಮಾ” ಎಂದೆ. ಅವರೇ ಒಂದೊಂದಾಗಿ, ಹೆಸರು ಹೇಳಿ ಹೇಳಿ, ಬೆಂಕಿಗೆ ಹಾಕಿದರು. ಆಮೇಲೆ ಅವರನ್ನು ನಾನು ಕಾಣಲಿಲ್ಲ.

ನಾನು ಅವರ ಬಗ್ಗೆ ಬರೆದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಆದರೂ ಈ ಹಾಳೆಗಳನ್ನು ಜೋಪಾನವಾಗಿಡಿ, ಮಕ್ಕಳೇ.