ಜೀಪಿನ ಪಕ್ಕದ ಅಳತೆ

ಸಂಡೂರಿನ ಒಂದು ಇಳಿಜಾರಿನಲ್ಲಿ ಕಬ್ಬಿಣದ ಅದಿರು ಇದೆಯೇ ಎಂದು ಅಳೆಯಲು ಗಣಿಯವರು ನನ್ನನ್ನು ಕಳಿಸಿದ್ದರು. ಇದ್ದರೆ, ಅಲ್ಲಿ ಕುರಿ ಮೇಯಿಸುವವರು ಜಾಗ ಬಿಡಬೇಕಿತ್ತು.

ನನ್ನ ಯಂತ್ರದಲ್ಲಿ ಒಂದು ಬಾಟಲಿ ಸೀಮೆಎಣ್ಣೆ, ಅದಕ್ಕೆ ಸುತ್ತಿದ ತಂತಿ. ವಿದ್ಯುತ್ ಹರಿಸಿದರೆ ಎಣ್ಣೆಯ ಹೈಡ್ರೋಜನ್ ನ್ಯೂಕ್ಲಿಯಸ್‌ಗಳು ಒಂದೇ ದಿಕ್ಕಿಗೆ ವಾಲುತ್ತವೆ. ನಿಲ್ಲಿಸಿದರೆ ಭೂಮಿಯ ಕಾಂತಕ್ಷೇತ್ರದಲ್ಲಿ ಒಟ್ಟಾಗಿ ತಿರುಗುತ್ತವೆ; ಆ ವೇಗವೇ ಅಳತೆ. ನೆಲದಡಿ ಅದಿರಿದ್ದರೆ ಆ ವೇಗ ಬದಲಾಗುತ್ತದೆ. ಪಕ್ಕದಲ್ಲಿ ಕಬ್ಬಿಣದ ಸಾಮಾನಿದ್ದರೆ ಅವುಗಳ ತಾಳ ತಪ್ಪಿ ಸುಳ್ಳು ಸಂಖ್ಯೆ ಬರುತ್ತದೆ.

ಗಣಿಯ ಸೂಪರ್‌ವೈಸರ್ ಜೀಪಿನಿಂದ ಇಳಿಯಲೇ ಇಲ್ಲ. ನನ್ನ ಪಕ್ಕದಲ್ಲೇ ಓಡಿಸಿಕೊಂಡು ಬಂದ.

“ಜೀಪು ದೂರ ನಿಲ್ಲಿಸ್ರಿ, ಅಳತೆ ಕೆಡ್ತೈತಿ,” ಅಂದೆ.

“ಬಿಸಿಲು ಭಾಳ ಐತ್ರಿ ಮೇಡಂ. ನಂಬರ್ ಬರಾಕತ್ತೈತಲ್ಲ, ಬರಕೊಳ್ರಿ.”

“ಅದು ಗುಡ್ಡದ್ದಲ್ಲ, ನಿಮ್ಮ ಜೀಪಿಂದು.”

“ಯಾರದಾದ್ರೇನ್ರಿ, ಕಬ್ಬಿಣ ಅಂದ್ರ ಕಬ್ಬಿಣ.”

ಯಂತ್ರ ಆರಿಸಿ, “ಈ ಅಳತೆಗೆ ನಾನು ಸಹಿ ಹಾಕಂಗಿಲ್ಲ,” ಅಂದೆ.

“ಬ್ಯಾಡ ಬಿಡ್ರಿ. ಹಾಕೋರು ಬರ್ತಾರ,” ಅಂದವನು ನನ್ನನ್ನು ಅಲ್ಲೇ ಬಿಟ್ಟು ಹೋದ.

ಸಹಿ ಹಾಕುವವರು ಬಂದರು, ಅದೇ ಜೀಪಿನಲ್ಲಿ. ಆಮೇಲೆ ಅವರ ನಕ್ಷೆ ನೋಡಿದೆ. ಜೀಪು ಹತ್ತುವ ಕಡೆಯೆಲ್ಲ ಭರ್ತಿ ಅದಿರು. ಹತ್ತಲಾಗದ ಬಂಡೆಗಳಲ್ಲಿ ಚೂರೂ ಇಲ್ಲ. ಆ ಬಂಡೆಗಳನ್ನು ಮಾತ್ರ ಕುರಿಗಳಿಗೆ ಬಿಟ್ಟಿದ್ದಾರೆ.